ಗ್ಯಾಸ್ ಸ್ಟೌವ್ ರಿಪೇರಿ ಮಾಡುವವನಿಗೆ ಲೈಸೆನ್ಸ್ ಬೇಕಾ? ಸ್ವಂತ ಅಂಗಡಿ ಇಡಬೇಕು ಅಂತಿದ್ದೇನೆ

ದಾವಣಗೆರೆ ಬರ್ನರ್

ಎಲ್ಲರಿಗೂ ನಮಸ್ಕಾರ. ಪಿಯುಸಿ ಆದ ಮೇಲೆ ಓದು ತಲೆಗೆ ಹತ್ತಲಿಲ್ಲ, ಮಾವನ ಸ್ಟೌವ್ ರಿಪೇರಿ ಅಂಗಡಿ ಸೇರಿಕೊಂಡೆ. ಆರು ವರ್ಷ ಆಯಿತು. ಬರ್ನರ್ ಕ್ಲೀನ್ ಮಾಡುವುದು, ಜೆಟ್ (ಬರ್ನರಿಗೆ ಗ್ಯಾಸ್ ಬಿಡುವ ಸಣ್ಣ ತೂತಿನ ತುಂಡು) ಬದಲಿಸುವುದು, ನಾಬ್ ಬಿಗಿಯಾಗಿದ್ದರೆ ಅದರ ಹಿಂದಿನ ಕಾಕ್, ಅಂದರೆ ವಾಲ್ವ್ ಬಿಚ್ಚಿ ಗ್ರೀಸ್ ಹಾಕುವುದು, ಪೈಪ್ ಹಾಕುವುದು, ಇವೆಲ್ಲ ಕಣ್ಣು ಮುಚ್ಚಿಕೊಂಡು ಮಾಡುತ್ತೇನೆ (ಗ್ಯಾಸ್ ಕೆಲಸದಲ್ಲಿ ಹಾಗೆ ಹೇಳಬಾರದು, ಗೊತ್ತು). ಹರಿಹರ, ಹೊನ್ನಾಳಿ, ಚನ್ನಗಿರಿ ಕಡೆ ಸಂತೆ ದಿನ ಬೈಕಿಗೆ ಸಾಮಾನಿನ ಡಬ್ಬಿ ಕಟ್ಟಿಕೊಂಡು ಹೋಗುತ್ತೇನೆ. ಗಿರಾಕಿಗಳಿಗೆ ಕೊರತೆ ಇಲ್ಲ.

ಈಗ ಸ್ವಂತ ಅಂಗಡಿ ಇಡೋಣ ಅಂತ ಆಸೆ. ಅಷ್ಟರಲ್ಲಿ ಹೋದ ವಾರ ಒಂದು ಘಟನೆ ಆಯಿತು. ಒಬ್ಬರ ಮನೆಯಲ್ಲಿ ಸ್ಟೌವ್ ಬಿಚ್ಚಿ ಕೂತಿದ್ದೆ. ಅದೇ ಹೊತ್ತಿಗೆ ಗ್ಯಾಸ್ ಏಜೆನ್ಸಿಯ ಮೆಕ್ಯಾನಿಕ್ ಐದು ವರ್ಷದ ತಪಾಸಣೆಗೆ ಅಂತ ಬಂದ. ನನ್ನನ್ನು ನೋಡಿದ್ದೇ ತಡ, "ನಿನ್ನ ಹತ್ತಿರ ಲೈಸೆನ್ಸ್ ಎಲ್ಲಿದೆ ತೋರಿಸು, ಇಲ್ಲದೆ ಸ್ಟೌವ್ ಮುಟ್ಟಿದರೆ ಕೇಸ್ ಹಾಕಿಸುತ್ತೇನೆ" ಅಂದ. ಮನೆಯವರ ಮುಂದೆಯೇ. ನಾನು ಬಾಯಿ ಬಿಡಲಿಲ್ಲ, ಯಾಕೆಂದರೆ ಲೈಸೆನ್ಸ್ ಅಂತ ಒಂದು ಇದೆಯೋ ಇಲ್ಲವೋ ಅದೇ ನನಗೆ ಗೊತ್ತಿಲ್ಲ. ಮಾವನನ್ನು ಕೇಳಿದರೆ, "ನಲವತ್ತು ವರ್ಷದಲ್ಲಿ ಯಾರೂ ಕೇಳಿಲ್ಲ, ಸುಮ್ನೆ ಕೆಲಸ ಮಾಡು" ಅಂದರು.

ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬ, 8 ಸಾವಿರ ಕೊಟ್ಟರೆ ಮೂರು ದಿನದಲ್ಲಿ "ಸರ್ಕಾರಿ ಗ್ಯಾಸ್ ಟೆಕ್ನೀಷಿಯನ್ ಲೈಸೆನ್ಸ್" ಕೊಡಿಸುತ್ತೇನೆ ಅಂತಾನೆ. ಪರೀಕ್ಷೆ ಇಲ್ಲ, ಕ್ಲಾಸ್ ಇಲ್ಲ, ಫೋಟೋ ಮತ್ತು ಆಧಾರ್ ಕಳಿಸಿದರೆ ಸಾಕಂತೆ. ತೆಗೆದುಕೊಳ್ಳಲಾ?

ಇನ್ನೊಂದು ವಿಷಯ. ಪರಿಚಯದ ಹೋಟೆಲಿನವರು ಗ್ಯಾಸ್ ಲೈನ್ ಹಾಕಿಕೊಡು ಅಂತ ಕೇಳುತ್ತಿದ್ದಾರೆ. ಅವರದ್ದು ಬೆಣ್ಣೆ ದೋಸೆ ಸೌದೆ ಒಲೆಯ ಮೇಲೆಯೇ, ಅದನ್ನು ಬಿಡುವುದಿಲ್ಲ, ಆದರೆ ಚಟ್ನಿ, ಪಲ್ಯ, ಟೀ, ಮಿರ್ಚಿ ಎಲ್ಲ ಗ್ಯಾಸಿಗೆ ಹಾಕುತ್ತಾರಂತೆ. ಆರು ದೊಡ್ಡ ಸಿಲಿಂಡರ್, ಹಿಂದಿನಿಂದ ತಾಮ್ರದ ಪೈಪ್ ಒಳಗೆ. ಒಳ್ಳೆಯ ದುಡ್ಡು. ಮಾಡಬಹುದಾ? ಚಳಿಗಾಲ ಬಂತೆಂದರೆ ಗ್ಯಾಸ್ ಗೀಸರ್ ಹಾಕಿಕೊಡಿ ಅಂತಲೂ ಜನ ಬರುತ್ತಾರೆ, ಇಲ್ಲಿಯವರೆಗೆ ನಾಲ್ಕೈದು ಹಾಕಿದ್ದೇನೆ. ಗೊತ್ತಿರುವವರು ದಯವಿಟ್ಟು ಹೇಳಿ.

ಚಿಲ್ಲರೆ ಮಾತು

ಯಾರು ಕೇಳುತ್ತಾರೆ ಗುರು ಲೈಸೆನ್ಸು. ಆ ಮೆಕ್ಯಾನಿಕ್‌ಗೆ ಹೊಟ್ಟೆ ಉರಿ, ಅವನ ಗಿರಾಕಿ ನಿನ್ನ ಹತ್ತಿರ ಬರುತ್ತಾರಲ್ಲ ಅಂತ. ಅಂಗಡಿ ಇಡು, ಬೋರ್ಡ್ ಹಾಕು, ಮುಗೀತು.

ಹಳೇ ಸ್ಪ್ಯಾನರ್

ತಮ್ಮಾ, ಮೇಲಿನವರ ಮಾತು ಅರ್ಧ ಸರಿ, ಅರ್ಧ ನಿನ್ನನ್ನು ಜೈಲಿಗೆ ಕಳಿಸುವ ಮಾತು. ನಾನು ಶಿವಮೊಗ್ಗ ಕಡೆ ಒಂದು ಏಜೆನ್ಸಿಯಲ್ಲಿ 27 ವರ್ಷ ಮೆಕ್ಯಾನಿಕ್ ಆಗಿದ್ದೆ, ಈಗ ಮನೆಯಲ್ಲಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ಮೊದಲು ನಿನ್ನ ಪ್ರಶ್ನೆಗೆ ಉತ್ತರ. ವೈರಿಂಗ್ ಮಾಡುವವನಿಗೆ ನಮ್ಮ ರಾಜ್ಯದಲ್ಲಿ ವಿದ್ಯುತ್ ಪರಿವೀಕ್ಷಣಾಲಯದಿಂದ ವೈರ್‌ಮನ್ ಪರ್ಮಿಟ್ ಅಂತ ಒಂದು ಇದೆ ಅಲ್ವಾ, ಹಾಗೆ ಮನೆಯ ಗ್ಯಾಸ್ ಸ್ಟೌವ್ ರಿಪೇರಿ ಮಾಡುವವನ ಹೆಸರಿಗೆ ಸರ್ಕಾರ ಕೊಡುವ ಲೈಸೆನ್ಸ್ ಇಲ್ಲ. ಆ ಮೆಕ್ಯಾನಿಕ್ ಹತ್ತಿರ ಇದ್ದದ್ದು ಏಜೆನ್ಸಿಯ ಗುರುತಿನ ಚೀಟಿ. ತೈಲ ಕಂಪನಿಯ ತರಬೇತಿ ಆಗಿರುತ್ತದೆ, ಆದರೆ ಅದು ಅವನ ಕೆಲಸದ ಕಾಗದ, ಏಜೆನ್ಸಿ ಬಿಟ್ಟರೆ ಅದೂ ಬಿಟ್ಟಂತೆ. ನನ್ನದೂ ಹಾಗೇ ಆಯಿತು. ಕೊನೆಯ ದಿನ ಕಾರ್ಡ್ ವಾಪಸ್ ಕೊಟ್ಟು ಬಂದೆ.

ಹಾಗಂತ ಎಲ್ಲವನ್ನೂ ಮುಟ್ಟಬಹುದು ಅಂದುಕೊಳ್ಳಬೇಡ. ಒಂದು ಗಡಿ ಇದೆ. ಸಿಲಿಂಡರ್ ಮತ್ತು ರೆಗ್ಯುಲೇಟರ್ ಗ್ರಾಹಕರದ್ದಲ್ಲ. ಡಿಪಾಸಿಟ್ ಇಟ್ಟುಕೊಂಡು ಕಂಪನಿ ಬಳಸಲು ಕೊಟ್ಟ ವಸ್ತು. ಸ್ಟೌವ್ ಗ್ರಾಹಕರ ಸ್ವಂತದ್ದು, ಅದನ್ನು ಏಜೆನ್ಸಿಯಲ್ಲೇ ಕೊಳ್ಳಬೇಕು ಅಂತಲೂ ಇಲ್ಲ. ಅಂದರೆ ರೆಗ್ಯುಲೇಟರ್ ಬಾಯಿಯವರೆಗೆ ಕಂಪನಿ, ಅಲ್ಲಿಂದ ಈಚೆಗೆ ಮನೆಯವರು. ನೀನು ಈಚೆ ಕಡೆ ಇರು. ರೆಗ್ಯುಲೇಟರ್ ಕಟ್ ಕಟ್ ಅನ್ನುತ್ತಿದೆ, ಗ್ಯಾಸ್ ಕಮ್ಮಿ ಬರುತ್ತಿದೆ, ಸ್ವಲ್ಪ ಬಿಚ್ಚಿ ನೋಡಪ್ಪಾ ಅಂತ ಅಜ್ಜಿಯಂದಿರು ಹೇಳುತ್ತಾರೆ. ಬಿಚ್ಚಬೇಡ. ಒತ್ತಡ ಹಿಡಿತದಲ್ಲಿಡುವ ಒಳಗಿನ ಪೊರೆ, ಡಯಾಫ್ರಾಮ್, ಒಂದು ಕೂದಲಷ್ಟು ಹೆಚ್ಚುಕಮ್ಮಿ ಆದರೂ ಹೊರಗೆ ಬರುವ ಒತ್ತಡ ಬದಲಾಗುತ್ತದೆ. ಏಜೆನ್ಸಿಗೆ ಕಳಿಸು, ಬದಲಿಸಿ ಕೊಡುತ್ತಾರೆ. ಸಿಲಿಂಡರ್ ವಾಲ್ವ್ ಒಳಗಿನ ಓ-ರಿಂಗ್ ಹೋಗಿ ಲೀಕ್ ಬಂದರೂ ಅಷ್ಟೇ. ಕ್ಯಾಪ್ ಹಾಕಿ, ಸಿಲಿಂಡರನ್ನು ಬಯಲಿಗಿಟ್ಟು, 1906ಕ್ಕೆ ಫೋನ್ ಮಾಡಿಸು. ಆ ನಂಬರ್ ಹಗಲು ರಾತ್ರಿ ಇರುತ್ತದೆ. ಪಿನ್ನು, ಕಡ್ಡಿ, ಸೋಪಿನ ತುಂಡು ಇಟ್ಟು ರಿಪೇರಿ ಮಾಡಿದ ಮಹಾನುಭಾವರನ್ನು ನಾನು ನೋಡಿದ್ದೇನೆ, ಒಬ್ಬರ ಹುಬ್ಬು ಇವತ್ತಿಗೂ ಸರಿಯಾಗಿ ಬಂದಿಲ್ಲ.

ಈಚೆ ಕಡೆ ಇದ್ದರೂ ಒಂದು ಕಷ್ಟ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಏಜೆನ್ಸಿ ಮೆಕ್ಯಾನಿಕ್ ಮಾಡಿದ ಕೆಲಸದ ಹಿಂದೆ ಏಜೆನ್ಸಿ ನಿಂತಿರುತ್ತದೆ, ಅದರ ಹಿಂದೆ ಕಂಪನಿ. ಗ್ರಾಹಕರ ನೋಂದಾಯಿತ ಮನೆಯಲ್ಲಿ ಗ್ಯಾಸ್ ಅಪಘಾತ ಆದರೆ ಕಂಪನಿಯ ವಿಮೆ ಇದೆ, ಸಾವಾದರೆ ಒಬ್ಬರಿಗೆ 6 ಲಕ್ಷ, ಮನೆ ಸಾಮಾನಿನ ನಷ್ಟಕ್ಕೆ 2 ಲಕ್ಷದವರೆಗೆ. ಆದರೆ ಪರಿಶೀಲನೆಗೆ ಬಂದವರು ಮೊದಲು ನೋಡುವುದು ಪೈಪ್ ಐಎಸ್‌ಐ ಗುರುತಿನದ್ದಾ, ಅವಧಿ ಮುಗಿದಿತ್ತಾ, ಐದು ವರ್ಷದ ತಪಾಸಣೆ ಆಗಿತ್ತಾ, ಸ್ಟೌವ್ ಐಎಸ್‌ಐ ಇದೆಯಾ ಅಂತ. ಅಲ್ಲಿ ನೀನು ಹಾಕಿದ ಮೂವತ್ತು ರೂಪಾಯಿಯ ಹಸಿರು ಪೈಪ್ ಸಿಕ್ಕಿತು ಅಂದುಕೋ. ಮನೆಯವರಿಗೆ ವಿಮೆಯ ದುಡ್ಡು ತೊಡಕಾಗುತ್ತದೆ. ಅವರು ನಿನ್ನ ಹೆಸರು ಹೇಳುತ್ತಾರೆ, ಹೇಳಲೇಬೇಕು. ಬೆಂಕಿಯ ವಿಷಯದಲ್ಲಿ ನಿರ್ಲಕ್ಷ್ಯಕ್ಕೆ ಭಾರತೀಯ ನ್ಯಾಯ ಸಂಹಿತೆಯ 287ನೇ ಸೆಕ್ಷನ್. ಜೀವ ಹೋದರೆ 106, ಐದು ವರ್ಷದವರೆಗೆ ಶಿಕ್ಷೆ. ಲೈಸೆನ್ಸ್ ಇಲ್ಲದಿರುವುದಕ್ಕೆ ಕೇಸ್ ಬೀಳುವುದಿಲ್ಲ. ಕೆಲಸ ಕೆಟ್ಟದ್ದಕ್ಕೆ ಬೀಳುತ್ತದೆ. ಬಿದ್ದಾಗ ನಿನ್ನ ಹಿಂದೆ ಯಾರೂ ಇರುವುದಿಲ್ಲ.

ಅದಕ್ಕೇ ಪೈಪ್ ಹಾಕಿದರೆ ಕೇಸರಿ ಬಣ್ಣದ ಸುರಕ್ಷಾ ಪೈಪೇ ಹಾಕು, ಒಳಗೆ ತಂತಿ ಹೆಣೆದಿರುವುದು, ಐಎಸ್ 9573 ಅಂತ ಅಚ್ಚು ಹಾಕಿರುತ್ತದೆ, ಆಯಸ್ಸು ಐದು ವರ್ಷ. ಉದ್ದ ಒಂದೂವರೆ ಮೀಟರಿಗಿಂತ ಜಾಸ್ತಿ ಬೇಡ. ಎರಡು ತುಂಡು ಜೋಡಿಸಬೇಡ. ಹಾಕಿದ ದಿನ, ಯಾವ ಭಾಗ ಬದಲಿಸಿದೆ, ಎಲ್ಲ ಬರೆದು ರಸೀದಿ ಕೊಡು, ಒಂದು ಪ್ರತಿ ನೀನು ಇಟ್ಟುಕೋ. ನಾವು ಏಜೆನ್ಸಿಯಲ್ಲಿ ಮಾಡುತ್ತಿದ್ದ ಎಲ್ಲ ಕೆಲಸದಲ್ಲಿ ಮುಖ್ಯವಾದದ್ದು ಅದೇ, ಗ್ರಾಹಕರ ಸಹಿ ತೆಗೆದುಕೊಳ್ಳುವುದು.

ಆಮೇಲೆ ದೊಡ್ಡ ಸಿಲಿಂಡರಿನಿಂದ ಚಿಕ್ಕದಕ್ಕೆ ಗ್ಯಾಸ್ ತುಂಬಿಸಿ ಕೊಡುವ ದಂಧೆ. ಸ್ಟೌವ್ ರಿಪೇರಿ ಅಂಗಡಿಗಳ ಹಿಂಬಾಗಿಲಲ್ಲಿ ನಡೆಯುತ್ತದೆ, ನಿನಗೂ ಗೊತ್ತಿರುತ್ತದೆ. ಅದಕ್ಕೆ ಮಾತ್ರ ಕೈ ಹಾಕಬೇಡ. 2000ನೇ ಇಸವಿಯ ಎಲ್‌ಪಿಜಿ ಆದೇಶದಲ್ಲಿ ಅದು ನೇರ ಅಪರಾಧ, ಅಗತ್ಯ ವಸ್ತುಗಳ ಕಾಯ್ದೆ ಕೆಳಗೆ ಬರುತ್ತದೆ. ಚಿಕ್ಕದು ಬೇಕೆಂದರೆ 5 ಕೆಜಿ ಸಿಲಿಂಡರ್ ಈಗ ಕಂಪನಿಯವರೇ ಮಾರುತ್ತಾರೆ.

ಹೋಟೆಲ್ ವಿಷಯ ಬೇರೆಯವರು ಹೇಳಲಿ, ನನ್ನ ಕೈ ನೋಯುತ್ತಿದೆ.

ದಾವಣಗೆರೆ ಬರ್ನರ್

ಅಣ್ಣಾ ಧನ್ಯವಾದ, ಇಷ್ಟು ದಿನ ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ. ರೆಗ್ಯುಲೇಟರ್ ನಾನು ಎರಡು ಮೂರು ಸಲ ಬಿಚ್ಚಿದ್ದೇನೆ, ಸುಳ್ಳು ಹೇಳುವುದಿಲ್ಲ. ಇನ್ನು ಬಿಚ್ಚುವುದಿಲ್ಲ. ಹಸಿರು ಪೈಪ್ ಅಂಗಡಿಯಲ್ಲಿ ಒಂದು ಸುರುಳಿ ಇದೆ, ಮಾವನಿಗೆ ಹೇಗೆ ಹೇಳುವುದೋ ನೋಡಬೇಕು. ಗ್ರಾಹಕರೂ ಅದನ್ನೇ ಕೇಳುತ್ತಾರೆ, ಕೇಸರಿ ಪೈಪ್ ಬೆಲೆ ಹೇಳಿದರೆ ಮುಖ ತಿರುಗಿಸುತ್ತಾರೆ.

ಪೈಪ್‌ಲೈನಿನವನು

ನಾನು ಬೆಂಗಳೂರಿನಲ್ಲಿ ಪೈಪ್ ಗ್ಯಾಸ್ ಕೆಲಸದ ಗುತ್ತಿಗೆದಾರರ ಹತ್ತಿರ ಸೂಪರ್‌ವೈಸರ್. ನಿಮ್ಮ ಹೋಟೆಲ್ ಕೆಲಸದ ಬಗ್ಗೆ ಮೊದಲು ಹೇಳುತ್ತೇನೆ, ಯಾಕೆಂದರೆ ಅಲ್ಲೇ ನೀವು ಸಿಕ್ಕಿಹಾಕಿಕೊಳ್ಳುವುದು.

ಹೋಟೆಲಿನ ಸಿಲಿಂಡರ್ 19 ಕೆಜಿಯದ್ದು. ಐದು ಇಟ್ಟರೆ 95 ಕೆಜಿ. ಆರು ಇಟ್ಟರೆ 114. 2016ರ ಗ್ಯಾಸ್ ಸಿಲಿಂಡರ್ ನಿಯಮದಲ್ಲಿ ಎಲ್‌ಪಿಜಿ ದಾಸ್ತಾನು 100 ಕೆಜಿ ದಾಟಿದರೆ ಪೆಸೋ ಲೈಸೆನ್ಸ್ ಬೇಕು, ಅಂದರೆ ಕೇಂದ್ರ ಸರ್ಕಾರದ ಸ್ಫೋಟಕ ಸುರಕ್ಷತಾ ಸಂಸ್ಥೆಯದ್ದು. ಅದು ನಿಮ್ಮ ಹೆಸರಿಗಲ್ಲ, ಆ ಜಾಗಕ್ಕೆ. ನಿಮ್ಮ ಹೋಟೆಲಿನವರು ಆರು ಅಂತ ಹೇಳಿದ್ದು ಸುಮ್ನೆ ಬಾಯಿಗೆ ಬಂದ ಲೆಕ್ಕ ಇರಬಹುದು, ಆದರೆ ಆ ಒಂದು ಸಿಲಿಂಡರ್ ಇಡೀ ಕತೆಯನ್ನೇ ಬದಲಿಸುತ್ತದೆ. ಖಾಲಿ ಆದ ತಕ್ಷಣ ಬದಲಿಸಿಕೊಡುವ ಸಪ್ಲೈ ಇದ್ದರೆ ಟೀ, ಪಲ್ಯ, ಮಿರ್ಚಿಗೆ ನಾಲ್ಕು ಸಾಕು, ಎರಡು ಉರಿಯುವಾಗ ಎರಡು ಕಾಯುತ್ತಿರುತ್ತವೆ.

ಲೈನ್ ಹೇಗೆ ಹಾಕಬೇಕು ಅನ್ನುವುದಕ್ಕೆ ಐಎಸ್ 6044 ಅಂತ ಮಾನದಂಡ ಇದೆ. ಸಿಲಿಂಡರ್ ಎಲ್ಲಿಡಬೇಕು, ಬಾಗಿಲು, ಚರಂಡಿ, ವಿದ್ಯುತ್ ಬೋರ್ಡಿನಿಂದ ಎಷ್ಟು ದೂರ, ಪೈಪ್ ಯಾವುದು, ಪರೀಕ್ಷೆ ಹೇಗೆ, ಎಲ್ಲ ಅದರಲ್ಲಿದೆ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ನೀರಿನ ಹಾಗೆ ಹರಿದು ತಗ್ಗಿಗೆ ಹೋಗಿ ಕೂರುತ್ತದೆ. ಚರಂಡಿ ಪಕ್ಕ ಸಿಲಿಂಡರ್ ಇಡಬಾರದು ಅನ್ನುವುದು ಅದಕ್ಕೇ. ಇಂಥ ಕೆಲಸವನ್ನು ಕಮರ್ಷಿಯಲ್ ಗ್ಯಾಸ್ ಕೊಡುವ ಏಜೆನ್ಸಿಯ ಮೂಲಕ, ಅವರು ಒಪ್ಪಿದ ಗುತ್ತಿಗೆದಾರನಿಂದ ಮಾಡಿಸಲು ಹೇಳಿ. ನೀವು ಆ ಗುತ್ತಿಗೆದಾರನ ಕೆಳಗೆ ಕೆಲಸ ಮಾಡಿ. ದುಡ್ಡು ಅರ್ಧ ಸಿಗುತ್ತದೆ, ಆದರೆ ತಾಮ್ರದ ಪೈಪಿಗೆ ಬ್ರೇಜಿಂಗ್ (ಬೇರೆ ಲೋಹ ಕರಗಿಸಿ ಬೆಸೆಯುವುದು) ಮಾಡುವುದು, ಒತ್ತಡ ಹಾಕಿ ಹಿಡಿದು ಗೇಜ್ ಮುಳ್ಳು ಇಳಿಯುತ್ತದಾ ನೋಡುವುದು, ಇವನ್ನು ಕಲಿಯುತ್ತೀರಿ. ನಿಮ್ಮ ಸ್ಟೌವ್ ಅನುಭವಕ್ಕೂ ಈ ಕೆಲಸಕ್ಕೂ ಸಂಬಂಧ ಕಡಿಮೆ, ಬೇಜಾರು ಮಾಡಿಕೊಳ್ಳಬೇಡಿ. ಸೈಕಲ್ ರಿಪೇರಿ ಮಾಡುವವನು ಲಾರಿಗೆ ಕೈ ಹಾಕಿದ ಹಾಗೆ.

ಇನ್ನು 8 ಸಾವಿರದ ಸರ್ಟಿಫಿಕೇಟು. ಕೊಡಬೇಡಿ. ಸರ್ಕಾರಿ ಲೈಸೆನ್ಸೇ ಇಲ್ಲದ ಮೇಲೆ ಅವನು ಕೊಡುವುದೇನು? ಬಣ್ಣದ ಪ್ರಿಂಟು. ನಿಜವಾದದ್ದು ಬೇಕೆಂದರೆ ಹೈಡ್ರೋಕಾರ್ಬನ್ ಸೆಕ್ಟರ್ ಸ್ಕಿಲ್ ಕೌನ್ಸಿಲ್ ಅಂತ ಇದೆ, ತೈಲ ಮತ್ತು ಗ್ಯಾಸ್ ಕೆಲಸಗಳಿಗೆ ಕೌಶಲ ಮಾನದಂಡ ಮಾಡುವ ಸಂಸ್ಥೆ. ಅವರ ಪಟ್ಟಿಯಲ್ಲಿ ಎಲ್‌ಪಿಜಿ ಮೆಕ್ಯಾನಿಕ್ ಅನ್ನುವ ಹುದ್ದೆಯೇ ಇದೆ. ನಿಮ್ಮ ಹಾಗೆ ಕೆಲಸ ಮಾಡುತ್ತಾ ಕಲಿತವರಿಗೆ, ಮೊದಲೇ ಇರುವ ಕಲಿಕೆಗೆ ಮಾನ್ಯತೆ ಕೊಡುವ ದಾರಿಯೂ ಇದೆ, ಆರ್‌ಪಿಎಲ್ ಅನ್ನುತ್ತಾರೆ. ಪರೀಕ್ಷೆ ಇರುತ್ತದೆ, ಎದುರಿಗೆ ಕೂರಿಸಿ ಕೆಲಸ ಮಾಡಿಸುತ್ತಾರೆ. ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಬ್ಯಾಚ್ ನಡೆದರೆ ಅಭ್ಯರ್ಥಿ ಫೀಸು ಕೊಡಬೇಕಾಗಿಲ್ಲ. ದಾವಣಗೆರೆ ಜಿಲ್ಲಾ ಕೌಶಲ ಕಚೇರಿಯಲ್ಲಿ ಒಂದು ಸಲ ವಿಚಾರಿಸಿ. ಇದೂ ಲೈಸೆನ್ಸ್ ಅಲ್ಲ, ನೆನಪಿರಲಿ. ಆದರೆ ಏಜೆನ್ಸಿಯಲ್ಲೋ ಪೈಪ್ ಗ್ಯಾಸ್ ಗುತ್ತಿಗೆದಾರರಲ್ಲೋ ಕೆಲಸ ಕೇಳಲು ಹೋದಾಗ ಮಾತಿಗೆ ತೂಕ ಬರುತ್ತದೆ.

ನನ್ನ ಸ್ವಂತ ಸಲಹೆ ಕೇಳಿದರೆ, ಐಟಿಐ ಮಾಡಿ. ಪ್ಲಂಬರ್ ಟ್ರೇಡ್ ಒಂದು ವರ್ಷ, ಫಿಟ್ಟರ್ ಎರಡು ವರ್ಷ. ಈ ವಯಸ್ಸಿಗೆ ಹುಡುಗರ ಜೊತೆ ಕೂರಬೇಕಾ ಅನಿಸಬಹುದು. ನನ್ನ ತಂಡದಲ್ಲಿ ಮನೆಯೊಳಗಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಕೆಲಸಕ್ಕೆ ಬರುವವರು ಜಾಸ್ತಿ ಪ್ಲಂಬರ್ ಐಟಿಐ ಮಾಡಿದವರೇ. ಅವರನ್ನೂ ಹಾಗೇ ಬಿಡುವುದಿಲ್ಲ, ಗ್ಯಾಸ್ ಕಂಪನಿ ಕಡೆಯವರು ಪರೀಕ್ಷೆ ಮಾಡಿ, ಪಾಸಾದರೆ ಮಾತ್ರ ಸೈಟಿಗೆ ಬಿಡುತ್ತಾರೆ. ನೆಲದಡಿಯ ಹಳದಿ ಪ್ಲಾಸ್ಟಿಕ್ ಪೈಪ್ ಬೆಸೆಯುವವನಿಗೆ ಬೇರೆ, ಕಬ್ಬಿಣದ ಪೈಪ್ ವೆಲ್ಡ್ ಮಾಡುವವನಿಗೆ ಬೇರೆ. ಇಲ್ಲೂ ಲೈಸೆನ್ಸ್ ಅಂತ ಹೆಸರಿಲ್ಲ, ಆದರೆ 2006ರ ಕಾಯ್ದೆಯಿಂದ ಹುಟ್ಟಿದ ನಿಯಂತ್ರಣ ಮಂಡಳಿಯ ಸುರಕ್ಷತಾ ನಿಯಮಗಳಿವೆ. ತಪ್ಪಾದರೆ ಕಂಪನಿಯ ಕುತ್ತಿಗೆಗೆ ಬರುತ್ತದೆ, ಅದಕ್ಕೇ ಅವರು ಬಿಗಿ.

ಒಂದು ಕೊನೆಯ ಮಾತು, ನಿಮ್ಮ ಊರಲ್ಲಿ ಪೈಪ್ ಗ್ಯಾಸ್ ಕೆಲಸ ಸಿಕ್ಕಾಗ ಬೇಕಾಗುತ್ತದೆ. ಸಿಲಿಂಡರ್ ಸ್ಟೌವನ್ನು ಪೈಪ್ ಗ್ಯಾಸಿಗೆ ಹಾಕಬೇಕಾದರೆ ಜೆಟ್ ಬದಲಿಸಬೇಕು. ಒತ್ತಡದ ಲೆಕ್ಕದಲ್ಲಿ ಸಿಲಿಂಡರ್ ಗ್ಯಾಸ್ ಸ್ಟೌವಿಗೆ ಸುಮಾರು 30 ಮಿಲಿಬಾರ್‌ನಲ್ಲಿ ಬರುತ್ತದೆ, ಪೈಪ್ ಗ್ಯಾಸ್ 21ರಲ್ಲಿ. ಮೇಲಾಗಿ ಪೈಪ್ ಗ್ಯಾಸಿಗೆ ಅಷ್ಟೇ ಪ್ರಮಾಣಕ್ಕೆ ಶಾಖ ಕಡಿಮೆ, ಹಾಗಾಗಿ ಜೆಟ್ ತೂತು ದೊಡ್ಡದಿರಬೇಕು. ಹೊಸ ಜೆಟ್ ಹಾಕಿ. ಹಳೆಯದಕ್ಕೇ ಡ್ರಿಲ್ ಬಿಟ್ಟು ತೂತು ಅಗಲ ಮಾಡುವವರಿದ್ದಾರೆ, ಅಂದಾಜಿನ ಮೇಲೆ. ನಮ್ಮ ಸೈಟಿನಲ್ಲಿ ಒಂದು ಮನೆಯಲ್ಲಿ ಹಾಗೆ ಮಾಡಿಸಿದ್ದರು. ಜ್ವಾಲೆ ಹಳದಿ, ಪಾತ್ರೆ ತಳ ಮಸಿ, ಅವರು ಮೂರು ತಿಂಗಳು ಗ್ಯಾಸ್ ಕೆಟ್ಟದ್ದು ಅಂತ ನಮ್ಮನ್ನೇ ಬೈಯುತ್ತಿದ್ದರು.

ಲೆಸ್ಟರ್‌ನ ಹಾಸನದವನು

ಇಲ್ಲಿನ ಚರ್ಚೆ ಓದಿ ನಗು ಬಂತು, ಆಮೇಲೆ ಸ್ವಲ್ಪ ಸಂಕಟವೂ ಆಯಿತು. ನಾನೂ ಹಾಸನದಲ್ಲಿ ಸ್ಟೌವ್ ರಿಪೇರಿ ಕಲಿತವನೇ. ಈಗ ಇಂಗ್ಲೆಂಡಿನಲ್ಲಿ ಬಾಯ್ಲರ್ ಕೆಲಸ.

ಇಲ್ಲಿ ಹಣಕ್ಕೆ ಗ್ಯಾಸ್ ಕೆಲಸ ಮಾಡುವವನು ಗ್ಯಾಸ್ ಸೇಫ್ ರಿಜಿಸ್ಟರ್ ಅನ್ನುವ ಪಟ್ಟಿಯಲ್ಲಿ ಇರಲೇಬೇಕು. ಇಲ್ಲದಿದ್ದರೆ ಅದು ಅಪರಾಧ. 2009ರ ಏಪ್ರಿಲ್ 1ಕ್ಕೆ ಮೊದಲು ಕೊರ್ಗಿ ಅಂತ ಇತ್ತು, ಹಳಬರು ಈಗಲೂ ಹಾಗೇ ಕರೆಯುತ್ತಾರೆ. ಪಟ್ಟಿ ಸೇರುವ ಮೊದಲು ಎಸಿಎಸ್ ಅಂತ ಪರೀಕ್ಷೆಗಳು. ಮೊದಲು ಮೂಲ ಸುರಕ್ಷತೆಯದ್ದು ಪಾಸಾಗಬೇಕು, ಆಮೇಲೆ ಒಂದೊಂದು ಉಪಕರಣಕ್ಕೂ ಬೇರೆ ಬೇರೆ. ಬಾಯ್ಲರ್ ಮತ್ತು ವಾಟರ್ ಹೀಟರ್‌ಗೆ ಒಂದು, ಅಡುಗೆ ಒಲೆಗೆ ಒಂದು, ಬೆಂಕಿಗೂಡಿಗೆ ಒಂದು. ಐದು ವರ್ಷಕ್ಕೊಮ್ಮೆ ಎಲ್ಲ ಪರೀಕ್ಷೆ ಮತ್ತೆ. ಹೊಸಬನಾದರೆ ಪಟ್ಟಿಯಲ್ಲಿರುವ ಒಬ್ಬರ ಕೈಕೆಳಗೆ ತಿಂಗಳುಗಟ್ಟಲೆ ಕೆಲಸ ಮಾಡಿ, ಮಾಡಿದ್ದನ್ನೆಲ್ಲ ಫೋಟೋ ಸಮೇತ ದಾಖಲೆ ಮಾಡಿ ತೋರಿಸಬೇಕು. ನನ್ನನ್ನು ಕೈಕೆಳಗೆ ಇಟ್ಟುಕೊಳ್ಳುವವರನ್ನು ಹುಡುಕುವುದೇ ಪರೀಕ್ಷೆಗಿಂತ ಕಷ್ಟವಾಗಿತ್ತು. ಹನ್ನೊಂದು ಜನರನ್ನು ಕೇಳಿದ್ದೆ.

ಜೇಬಿನಲ್ಲಿ ಹಳದಿ ತ್ರಿಕೋನದ ಕಾರ್ಡ್ ಇರುತ್ತದೆ. ಬುದ್ಧಿವಂತ ಗ್ರಾಹಕರು ಮುಂದಿನ ಫೋಟೋ ನೋಡುವುದಿಲ್ಲ, ತಿರುಗಿಸಿ ಹಿಂದೆ ನೋಡುತ್ತಾರೆ. ಯಾವ ಯಾವ ಕೆಲಸಕ್ಕೆ ಅರ್ಹತೆ ಇದೆ ಅಂತ ಅಲ್ಲೇ ಬರೆದಿರುತ್ತದೆ. ತಮಾಷೆ ಏನೆಂದರೆ ನನ್ನ ಕಾರ್ಡಿನ ಹಿಂದೆ ಎಲ್‌ಪಿಜಿ ಇಲ್ಲ! ಇಲ್ಲಿ ಪೈಪ್ ಗ್ಯಾಸಿಗೂ ಸಿಲಿಂಡರ್ ಗ್ಯಾಸಿಗೂ ಅರ್ಹತೆ ಬೇರೆ. ಹತ್ತು ವರ್ಷ ಸಿಲಿಂಡರ್ ಗ್ಯಾಸಿನ ಮೇಲೆ ಬದುಕಿದವನು ಇಲ್ಲಿ ಒಂದು ಕ್ಯಾರವಾನಿನ ಸಿಲಿಂಡರ್ ಒಲೆ ಮುಟ್ಟುವ ಹಾಗಿಲ್ಲ. ಹಾಸನದ ಅನುಭವದ ಪತ್ರ ತೋರಿಸಿದೆ, ನಯವಾಗಿ ಮಡಚಿ ವಾಪಸ್ ಕೊಟ್ಟರು.

ನಮ್ಮೂರಲ್ಲೂ ಹೀಗೇ ಆಗಬೇಕು ಅಂತ ನಾನು ಹೇಳುತ್ತಿಲ್ಲ. ಇದರ ಖರ್ಚು ತಲೆ ತಿನ್ನುತ್ತದೆ. ಪ್ರತಿ ವರ್ಷ ನೋಂದಣಿ ಶುಲ್ಕ, ಐದು ವರ್ಷಕ್ಕೊಮ್ಮೆ ಕೆಲಸ ಬಿಟ್ಟು ಪರೀಕ್ಷೆ, ಅದೆಲ್ಲ ಕೊನೆಗೆ ಗ್ರಾಹಕರ ಬಿಲ್ಲಿಗೇ. ಚನ್ನಗಿರಿ ಸಂತೆಗೆ ಬರುವ ಅಮ್ಮನಿಗೆ ಅದು ಆಗುವ ಮಾತಲ್ಲ. ಆದರೆ ಒಂದು ಅಧಿಕಾರ ಮಾತ್ರ ಅಲ್ಲಿಗೂ ಬೇಕು ಅನಿಸುತ್ತದೆ. ನಾನು ಒಂದು ಮನೆಗೆ ಹೋಗಿ ಉಪಕರಣ ಅಪಾಯಕಾರಿ ಅನಿಸಿದರೆ ಕೆಂಪು ಚೀಟಿ ಅಂಟಿಸಿ, ಮನೆಯವರ ಒಪ್ಪಿಗೆ ಕೇಳಿ ಗ್ಯಾಸ್ ಬಂದ್ ಮಾಡುತ್ತೇನೆ. ಅವರು ಒಪ್ಪದಿದ್ದರೆ ಗ್ಯಾಸ್ ತುರ್ತು ಸೇವೆಗೆ ಫೋನ್ ಮಾಡುತ್ತೇನೆ, ಅವರು ಬಂದು ಮುಂದಿನದ್ದು ನೋಡುತ್ತಾರೆ. ಹಾಸನದಲ್ಲಿ ನಾನು "ಇದು ಸರಿ ಇಲ್ಲ ಅಮ್ಮಾ, ಹಾಕಬೇಡಿ" ಅಂದರೆ, "ಸರಿ ಬಿಡಪ್ಪಾ, ಪಕ್ಕದ ಬೀದಿಯವನನ್ನು ಕರೆಯುತ್ತೇನೆ" ಅನ್ನುತ್ತಿದ್ದರು.

ಗೀಸರ್ ಬಗ್ಗೆ ಯಾರೂ ಮಾತಾಡಿಲ್ಲ. ಇಲ್ಲಿ ಸ್ನಾನದ ಮನೆಯೊಳಗಿನ ಗಾಳಿಯನ್ನು ಎಳೆದುಕೊಂಡು ಉರಿಯುವ ಗ್ಯಾಸ್ ಉಪಕರಣವನ್ನು ಅಲ್ಲಿ ಹಾಕುವಂತೆಯೇ ಇಲ್ಲ. ಎಷ್ಟೇ ದೊಡ್ಡ ಕಾರ್ಡ್ ಇದ್ದರೂ.

ಮೂರನೇ ಮಹಡಿ

ಗೀಸರ್ ಮಾತು ಬಂದದ್ದಕ್ಕೆ ನಾನು ಬರೆಯುತ್ತಿದ್ದೇನೆ, ಇಲ್ಲದಿದ್ದರೆ ನನಗೆ ಇಲ್ಲಿ ಕೆಲಸವಿಲ್ಲ. ಮೈಸೂರಿನಲ್ಲಿ ನಮ್ಮದು ಚಿಕ್ಕ ಅಪಾರ್ಟ್‌ಮೆಂಟ್, ನಾನೇ ಕಾರ್ಯದರ್ಶಿ. ಎರಡು ವರ್ಷದ ಹಿಂದೆ ಬಾಡಿಗೆಗೆ ಬಂದ ಇಬ್ಬರು ಹುಡುಗಿಯರ ಮನೆಯಲ್ಲಿ ಗ್ಯಾಸ್ ಗೀಸರ್ ಇತ್ತು, ಬಾತ್‌ರೂಮ್ ಒಳಗೇ, ಸಿಲಿಂಡರ್ ಕಿಟಕಿ ಕೆಳಗೆ. ಸೊಳ್ಳೆ ಬರುತ್ತದೆ ಅಂತ ಕಿಟಕಿಗೆ ರಟ್ಟು ಬಡಿದಿದ್ದರು. ಒಬ್ಬಳು ಸ್ನಾನ ಮಾಡಿ ಬಂದಳು, ಇನ್ನೊಬ್ಬಳು ಹೋದಳು. ನೀರು ಬೀಳುವ ಸದ್ದು ಬರುತ್ತಲೇ ಇತ್ತು. ಅರ್ಧ ಗಂಟೆ ಆದರೂ ಬರಲಿಲ್ಲ ಅಂತ ಬಾಗಿಲು ಒಡೆದೆವು. ಬಿದ್ದಿದ್ದಳು. ಬದುಕಿದಳು, ದೇವರು ದೊಡ್ಡವನು, ಆದರೆ ಎರಡು ವಾರ ಆಸ್ಪತ್ರೆ, ತಿಂಗಳುಗಟ್ಟಲೆ ಮರೆವು. ಗೀಸರ್ ಹಾಕಿದವನು ಯಾರು ಅಂತ ಹುಡುಕಿದೆವು. ಮಾರಿದ ಅಂಗಡಿಯವರು "ನಾವು ಮಾರಿದ್ದಷ್ಟೇ, ಹಾಕಿದ್ದು ನಮ್ಮವರಲ್ಲ" ಅಂದರು. ಗ್ಯಾಸ್ ಏಜೆನ್ಸಿಯವರು "ಗೀಸರ್ ನಮ್ಮ ಲೆಕ್ಕಕ್ಕೆ ಬರುವುದಿಲ್ಲ" ಅಂದರು. ಹಾಕಿದವನ ಮೊಬೈಲ್ ನಂಬರ್ ಒಂದೇ ಇತ್ತು, ಅದು ಸ್ವಿಚ್ ಆಫ್.

ದಾವಣಗೆರೆಯ ತಮ್ಮಾ, ನೀವು ಹಾಕಿರುವ ಆ ನಾಲ್ಕೈದು ಗೀಸರ್ ಎಲ್ಲಿವೆ, ಒಳಗಾ ಹೊರಗಾ?

ದಾವಣಗೆರೆ ಬರ್ನರ್

ಅಕ್ಕಾ, ಓದಿ ಕೈ ನಡುಗಿತು. ಐದರಲ್ಲಿ ಎರಡು ಹೊರಗೆ, ಯುಟಿಲಿಟಿಯಲ್ಲಿ. ಮೂರು ಒಳಗೆ. ಅವರೇ ಒಳಗೆ ಹಾಕು ಅಂದರು, ಪೈಪ್ ಉಳಿಯುತ್ತದೆ ಅಂತ. ಕಿಟಕಿ ಇದೆ ಅಲ್ವಾ ಅಂತ ನಾನೂ ಹಾಕಿದೆ. ಡಬ್ಬಿ ಮೇಲೆ ಐಎಸ್‌ಐ ಗುರುತು ಇತ್ತು, ಅದನ್ನು ನೋಡಿಯೇ ಹಾಕಿದ್ದು.

ಹಳೇ ಸ್ಪ್ಯಾನರ್

ಐಎಸ್‌ಐ ಗುರುತು ಗೀಸರಿಗೆ, ಬಾತ್‌ರೂಮಿಗಲ್ಲ ತಮ್ಮಾ.

ಲೆಕ್ಕ ಹಾಕಿ ತೋರಿಸುತ್ತೇನೆ, ನಾನು ಹೊಸ ಹುಡುಗರಿಗೆ ಹೀಗೇ ಹೇಳುತ್ತಿದ್ದೆ. ನಿಮಿಷಕ್ಕೆ ಆರು ಲೀಟರ್ ನೀರು ಕಾಯಿಸುವ ಗೀಸರ್ ಪೂರ್ತಿ ಉರಿದರೆ ಗಂಟೆಗೆ ಹೆಚ್ಚುಕಮ್ಮಿ 900 ಗ್ರಾಂ ಗ್ಯಾಸ್ ತಿನ್ನುತ್ತದೆ. ಒಂದು ಕೆಜಿ ಗ್ಯಾಸ್ ಉರಿಯಲು ಹದಿನೈದು ಕೆಜಿಗಿಂತ ಜಾಸ್ತಿ ಗಾಳಿ ಬೇಕು. ಹಾಗಾದರೆ ಹತ್ತು ನಿಮಿಷದ ಸ್ನಾನಕ್ಕೆ ಸುಮಾರು ಎರಡು ಘನ ಮೀಟರ್ ಗಾಳಿ ಖಾಲಿ. ನಮ್ಮ ಬಾತ್‌ರೂಮ್ ಎಷ್ಟು? ನಾಲ್ಕಡಿ ಆರಡಿ, ಎತ್ತರ ಎಂಟಡಿ ಹಿಡಿದರೆ ಐದೂವರೆ ಘನ ಮೀಟರ್ ಕೂಡ ಇಲ್ಲ. ಬಾಗಿಲು ಹಾಕಿ, ಕಿಟಕಿಗೆ ರಟ್ಟು ಬಡಿದು, ಒಬ್ಬರ ಹಿಂದೆ ಒಬ್ಬರು ಹೋದರೆ ಎರಡನೆಯವರಿಗೆ ಉಳಿದದ್ದೇನು. ಆಮ್ಲಜನಕ ಕಮ್ಮಿಯಾದ ಹಾಗೆ ಉರಿ ಅರೆಬೆಂದು ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಗ್ಯಾಸ್ ಸೋರಿದರೆ ವಾಸನೆ ಬರುವ ಹಾಗೆ ಕಂಪನಿಯವರು ಮರ್ಕಾಪ್ಟನ್ ಬೆರೆಸಿರುತ್ತಾರೆ. ಇದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ಕೆಮ್ಮೂ ಬರುವುದಿಲ್ಲ. ತಲೆ ಭಾರ, ಕಾಲು ಸೋಲುತ್ತದೆ, ಚಿಲಕ ತೆಗೆಯುವಷ್ಟೂ ಶಕ್ತಿ ಇರುವುದಿಲ್ಲ. ಮೂರನೇ ಮಹಡಿಯ ಅಮ್ಮ ಹೇಳಿದ್ದು ನೋಡು, ಎರಡನೆಯವಳೇ ಬಿದ್ದದ್ದು.

ಆ ಮೂರು ಮನೆಗೆ ನೀನೇ ಹೋಗು. ಫೋನ್ ಮಾಡಬೇಡ, ಹೋಗು. ಗೀಸರ್ ಹೊರಗೆ, ಸಿಲಿಂಡರ್ ಹೊರಗೆ, ಒಳಗೆ ಬಿಸಿನೀರಿನ ಪೈಪ್ ಮಾತ್ರ. ಗ್ಯಾಸ್ ಪೈಪ್ ಉದ್ದ ಮಾಡಬೇಡ, ನೀರಿನ ಪೈಪ್ ಉದ್ದ ಮಾಡು. ಕೂಲಿ ಕೇಳಬೇಡ, ಪೈಪಿನ ದುಡ್ಡು ಕೊಟ್ಟರೆ ತೆಗೆದುಕೋ.

ಚಿಲ್ಲರೆ ಮಾತು

ನಾನು ಮೇಲೆ ಹೇಳಿದ್ದನ್ನು ವಾಪಸ್ ತೆಗೆದುಕೊಂಡೆ. ನಮ್ಮ ಮನೆಯದ್ದೂ ಒಳಗೇ ಇದೆ. ಇವತ್ತು ಸಂಜೆಯೇ ನೋಡಬೇಕು.

ದಾವಣಗೆರೆ ಬರ್ನರ್

ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಮೂರರಲ್ಲಿ ಎರಡು ಗೀಸರ್ ಹೊರಗೆ ತಂದೆ. ಒಬ್ಬರು ಒಪ್ಪಿ ಕಾಫಿ ಕೊಟ್ಟರು, ಇನ್ನೊಬ್ಬರು "ಆವತ್ತು ಯಾಕೆ ಹೇಳಲಿಲ್ಲ" ಅಂತ ಬೈದರು. ಬೈದದ್ದು ಸರಿಯೇ. ಮೂರನೆಯ ಮನೆಯವರು ಒಪ್ಪಲಿಲ್ಲ, ಟೈಲ್ಸ್ ಒಡೆಯಬೇಕಾಗುತ್ತದಂತೆ. ಲೆಸ್ಟರ್ ಅಣ್ಣ ಹೇಳಿದ ಕೆಂಪು ಚೀಟಿ ನನ್ನ ಹತ್ತಿರ ಇಲ್ಲವಲ್ಲ. ಒಂದು ಬಿಳಿ ಹಾಳೆಯಲ್ಲಿ "ಇದನ್ನು ಒಳಗೆ ಬಳಸಬಾರದು ಅಂತ ತಿಳಿಸಿದ್ದೇನೆ" ಅಂತ ದಿನಾಂಕ ಹಾಕಿ ಬರೆದು, ಅವರ ಸಹಿ ಕೇಳಿದೆ. ಸಹಿ ಹಾಕುವಾಗ ಯಜಮಾನರ ಮುಖ ಸ್ವಲ್ಪ ಬದಲಾಯಿತು. ನಿನ್ನೆ ಫೋನ್ ಮಾಡಿ ಟೈಲ್ಸ್ ಕೆಲಸದವನ ನಂಬರ್ ಕೇಳಿದ್ದಾರೆ.

ಹೋಟೆಲಿನವರಿಗೆ ನಾಲ್ಕು ಸಿಲಿಂಡರ್ ಲೆಕ್ಕ ಹೇಳಿದೆ, ಏಜೆನ್ಸಿ ಕಡೆಯ ಗುತ್ತಿಗೆದಾರರು ಬರುತ್ತಾರೆ, ನಾನು ಅವರ ಜೊತೆ ಹೆಲ್ಪರ್. ಐಟಿಐ ವಿಷಯ ಮನೆಯಲ್ಲಿ ಇನ್ನೂ ಹೇಳಿಲ್ಲ. ಅಂಗಡಿಗೆ ಪಾಲಿಕೆಯ ಟ್ರೇಡ್ ಲೈಸೆನ್ಸ್ ಅರ್ಜಿ ಹಾಕಿದ್ದೇನೆ, ಕೊನೆಗೂ ಒಂದು ಲೈಸೆನ್ಸ್ ಸಿಗುತ್ತದೆ ಅನ್ನಿ. ಹಸಿರು ಪೈಪಿನ ಸುರುಳಿಯನ್ನು ಮಾವ ಬಿಸಾಡಲು ಬಿಡಲಿಲ್ಲ, ತೋಟಕ್ಕೆ ನೀರು ಬಿಡಲು ಆಗುತ್ತದೆ ಅಂತ ಊರಿಗೆ ಕಳಿಸಿದ್ದಾರೆ.

ಒಂದು ಚಿಕ್ಕ ಅನುಮಾನ ಉಳಿದಿದೆ. ಲೀಕ್ ನೋಡಲು ಸೋಪಿನ ನೀರು ಹಾಕುತ್ತೇನೆ, ಆದರೆ ಕಾಕ್ ಹತ್ತಿರ ಗುಳ್ಳೆ ತುಂಬಾ ನಿಧಾನವಾಗಿ ಬಂದರೆ ಗೊತ್ತೇ ಆಗುವುದಿಲ್ಲ. ಎಷ್ಟು ಹೊತ್ತು ಕಾಯಬೇಕು ಅಣ್ಣಾ?

ಹಳೇ ಸ್ಪ್ಯಾನರ್

ನಿನ್ನ ಸೋಪಿನ ನೀರು ತೆಳ್ಳಗಿದೆ. ಪಾತ್ರೆ ತೊಳೆಯುವ ದ್ರವ ಸ್ವಲ್ಪ ಜಾಸ್ತಿ ಹಾಕಿ ಕಲಸು, ಬಟ್ಟೆಯಿಂದ ಬೇಡ, ಹಳೇ ಶೇವಿಂಗ್ ಬ್ರಷ್‌ನಿಂದ ನೊರೆ ಮಾಡಿ ಕಾಕ್ ಸುತ್ತ ಮೆತ್ತು. ನಾಬ್ ಬಂದ್ ಇರಲಿ, ರೆಗ್ಯುಲೇಟರ್ ಆನ್ ಇರಲಿ. ಎರಡು ನಿಮಿಷ ಕಣ್ಣು ಕೀಳಬೇಡ, ಆ ಹೊತ್ತಿನಲ್ಲಿ ಮನೆಯವರು ಏನು ಮಾತಾಡಿಸಿದರೂ ತಿರುಗಬೇಡ.